ಲ್ಯಾಬ್ ಬಾಗಿಲು ವಾರಕ್ಕೆಷ್ಟು ಸಲ ತೆರೆಯುತ್ತದೆ?

ಜೂನ್‌ನಲ್ಲಿ ಮಕ್ಕಳನ್ನು ಎಂಟನೇ ತರಗತಿಗೆ ಸೇರಿಸಲು ಬರುವ ಅಪ್ಪ ಅಮ್ಮಂದಿರು ಈಗ ಗಣಿತ, ಇಂಗ್ಲಿಷಿನ ಜೊತೆಗೆ ಇನ್ನೊಂದು ಮಾತನ್ನೂ ವಿಚಾರಿಸುತ್ತಾರೆ: 'ಇಲ್ಲಿ ಕಂಪ್ಯೂಟರ್ ಹೇಳಿಕೊಡ್ತೀರಾ?' ಕೋಲಾರದ ಟೌನ್ ಶಾಲೆಯಾಗಲಿ, ಮಾಲೂರಿನ ಮಾಸ್ತಿ ಕಡೆಯ ಹಳ್ಳಿ ಶಾಲೆಯಾಗಲಿ, ಮುಖ್ಯೋಪಾಧ್ಯಾಯರ ಉತ್ತರ ಬಹುತೇಕ ಒಂದೇ: 'ಲ್ಯಾಬ್ ಇದೆಯಲ್ಲ!' ಪೋಷಕರಿಗೆ ಅಷ್ಟಕ್ಕೇ ಸಮಾಧಾನವಾಗುತ್ತದೆ. ಆಗಬಾರದು. ಲ್ಯಾಬ್ ಇರುವುದು ಒಂದು ಸಂಗತಿ, ಅದರೊಳಗೆ ನಿಮ್ಮ ಮಗಳು ಕೀಬೋರ್ಡ್ ಮೇಲೆ ಕೈಯಿಟ್ಟು ಕೂರುವುದು ಇನ್ನೊಂದು ಸಂಗತಿ. ಎರಡರ ನಡುವೆ ಎಷ್ಟು ದೂರವಿದೆ ಎಂದು ತಿಳಿಯಬೇಕಾದರೆ ಕೇಳಬೇಕಾದದ್ದು ಒಂದೇ ಪ್ರಶ್ನೆ: ಲ್ಯಾಬ್ ಬಾಗಿಲು ವಾರಕ್ಕೆಷ್ಟು ಸಲ ತೆರೆಯುತ್ತದೆ, ಎಂಟನೇ ತರಗತಿಗೆ ಯಾವ ದಿನ, ಎಷ್ಟನೇ ಪೀರಿಯಡ್?

ಈ ಪ್ರಶ್ನೆಯನ್ನು ಪೋಷಕರೇ ಏಕೆ ಕೇಳಬೇಕು ಅಂದರೆ, ಬೇರೆ ಯಾರೂ ಕೇಳುವುದಿಲ್ಲ. ರಾಜ್ಯ ಪಠ್ಯಕ್ರಮದ ಎಸ್ಸೆಸ್ಸೆಲ್ಸಿಯಲ್ಲಿ ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಇಷ್ಟೇ. ಕಂಪ್ಯೂಟರ್ ಎಂಬ ಪತ್ರಿಕೆ ಇಲ್ಲ. ಆಯ್ದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯೂಎಫ್ ಯೋಜನೆಯಡಿ 9 ಮತ್ತು 10ನೇ ತರಗತಿಗೆ ವೃತ್ತಿ ವಿಷಯಗಳಿವೆ, ಅವುಗಳಲ್ಲಿ ಐಟಿ ಕೂಡ ಒಂದು. ಅಲ್ಲಿ ಮಗು ತೃತೀಯ ಭಾಷೆಯ ಬದಲು ಆ ವಿಷಯವನ್ನು ಬರೆಯಬಹುದು. ನಿಮ್ಮ ಶಾಲೆ ಆ ಪಟ್ಟಿಯಲ್ಲಿದೆಯೇ ಎಂದು ಸೇರಿಸುವ ಮೊದಲೇ ಕೇಳಿ. ಉಳಿದ ಕಡೆ ಕಂಪ್ಯೂಟರಿಗೆ ಅಂಕವಿಲ್ಲ. ಅಂಕವಿಲ್ಲದ ಪಾಠದ ಪಾಡು ನಮಗೆಲ್ಲ ಗೊತ್ತು. ಡಿಸೆಂಬರ್ ಬರುತ್ತಿದ್ದಂತೆ ಆ ಪೀರಿಯಡ್‌ನಲ್ಲಿ ಗಣಿತದ ವಿಶೇಷ ತರಗತಿ ಕೂರುತ್ತದೆ. ಜಿಲ್ಲೆಯ ಫಲಿತಾಂಶದ ಸ್ಥಾನ ಪ್ರತಿ ವರ್ಷ ಪತ್ರಿಕೆಯಲ್ಲಿ ಬರುವಾಗ ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ, ಅವರ ಮೇಲಿರುವ ಒತ್ತಡ ಆ ಕಡೆಯದು.

ಸರ್ಕಾರ ಪ್ರಯತ್ನ ಪಟ್ಟಿಲ್ಲ ಎನ್ನುವಂತಿಲ್ಲ. ಎರಡು ದಶಕದ ಹಿಂದೆಯೇ 'ಮಾಹಿತಿ ಸಿಂಧು' ಬಂತು, ಸಾವಿರ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಹೋದವು. 2004ರ ಕೊನೆಯಲ್ಲಿ ಕೇಂದ್ರದ ಐಸಿಟಿ, ಅಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ, ಯೋಜನೆ ಶುರುವಾಯಿತು. ಆ ಕಾಲದ ಪದ್ಧತಿ ಗುತ್ತಿಗೆಯದು: ಖಾಸಗಿ ಕಂಪನಿ ಯಂತ್ರ ತರುತ್ತದೆ, ಹೇಳಿಕೊಡುವವರನ್ನೂ ತರುತ್ತದೆ, ಐದು ವರ್ಷ ನಡೆಸಿ ಯಂತ್ರಗಳನ್ನು ಶಾಲೆಗೆ ಬಿಟ್ಟು ಹೋಗುತ್ತದೆ. ಐದು ವರ್ಷ ಮುಗಿಯಿತು, ಹೇಳಿಕೊಡುವವರು ಹೋದರು, ಯಂತ್ರ ಉಳಿದವು. ಅವಕ್ಕೂ ಆಗ ಐದು ವರ್ಷ ವಯಸ್ಸಾಗಿತ್ತು, ಯುಪಿಎಸ್ ಬ್ಯಾಟರಿ ಸತ್ತಿತ್ತು. ಮಧ್ಯಾಹ್ನ ಕರೆಂಟ್ ಹೋಗುವ ಊರಿನಲ್ಲಿ ಬ್ಯಾಟರಿ ಸತ್ತ ಲ್ಯಾಬ್ ಅಂದರೆ ಬೀಗ ಹಾಕಿದ ಕೋಣೆ ಎಂದೇ ಅರ್ಥ. 2016–17ರ ಹೊತ್ತಿಗೆ ಬಂದ ಟಿಎಎಲ್‌ಪಿ, ಅಂದರೆ ತಂತ್ರಜ್ಞಾನ ನೆರವಿನ ಕಲಿಕಾ ಕಾರ್ಯಕ್ರಮ, ಬೇರೆ ದಾರಿ ಹಿಡಿಯಿತು. ಹೊರಗಿನವರನ್ನು ತರುವ ಬದಲು ಶಾಲೆಯ ಗಣಿತ, ವಿಜ್ಞಾನ, ಸಮಾಜದ ಶಿಕ್ಷಕರಿಗೇ ತರಬೇತಿ ಕೊಟ್ಟು ಅವರ ಪಾಠದೊಳಗೇ ಕಂಪ್ಯೂಟರ್ ತರಿಸಲು ಹೊರಟಿತು. ತರಬೇತಿಯಲ್ಲಿ ಉಚಿತ ತಂತ್ರಾಂಶಗಳಾದ ಉಬುಂಟು, ಜಿಯೋಜಿಬ್ರಾ ಬಳಕೆಯಾದವು. ಇದು ಸರಿಯಾದ ಯೋಚನೆ ಎಂದೇ ನನ್ನ ಅಭಿಪ್ರಾಯ. ಆದರೆ ಫಲ ಕೊಡುವುದು ತರಬೇತಾದ ಆ ಶಿಕ್ಷಕಿ ವರ್ಗವಾಗದೆ ಅದೇ ಶಾಲೆಯಲ್ಲಿದ್ದರೆ ಮಾತ್ರ. ಹಾಗಾಗಿ ಎರಡನೇ ಪ್ರಶ್ನೆ: ಐಸಿಟಿ ತರಬೇತಿ ಪಡೆದ ಮೇಷ್ಟ್ರು ಈಗ ಈ ಶಾಲೆಯಲ್ಲಿ ಯಾರಿದ್ದಾರೆ? ಮೂರನೆಯದು, ಬ್ಯಾಟರಿ ಬದಲಾಯಿಸಿದ್ದು ಯಾವಾಗ? ನಗಬೇಡಿ. ಎಸ್‌ಡಿಎಂಸಿ ಸಭೆಯಲ್ಲಿ ಹತ್ತು ಹೊಸ ಕಂಪ್ಯೂಟರ್ ಬೇಕೆಂದು ಕೇಳಿದರೆ ಅರ್ಜಿ ಮೇಲಕ್ಕೆ ಹೋಗಿ ಅಲ್ಲೇ ಕೂರುತ್ತದೆ. ಒಂದು ಸೆಟ್ ಬ್ಯಾಟರಿ ಕೊಡಿಸಿ ಎಂದರೆ ಹಳೆಯ ವಿದ್ಯಾರ್ಥಿಗಳ ಸಂಘವೋ ಊರಿನ ದಾನಿಗಳೋ ಒಂದು ವಾರದಲ್ಲಿ ಕೊಡಿಸುತ್ತಾರೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇದೆಲ್ಲ ಎಟಕುತ್ತದೆಯೇ ಎಂಬ ಅನುಮಾನ ಹಲವರಿಗಿದೆ. ಅವರು ಕಾಸರಗೋಡಿನ ಕಡೆ ನೋಡಬೇಕು. ಕೇರಳದಲ್ಲಿ 2001ರ ಸುಮಾರಿಗೆ ಐಟಿ ಅಟ್ ಸ್ಕೂಲ್ ಎಂದು ಆರಂಭವಾಗಿ, 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾದ ವ್ಯವಸ್ಥೆ ಇದೆ. ಅಲ್ಲಿ ಪ್ರೌಢಶಾಲೆಗೆ ಐಸಿಟಿ ಪಠ್ಯಪುಸ್ತಕವಿದೆ, ಅದು ಮಲಯಾಳ, ಇಂಗ್ಲಿಷ್ ಜೊತೆಗೆ ಕನ್ನಡ, ತಮಿಳಿನಲ್ಲೂ ಅಚ್ಚಾಗುತ್ತದೆ. ಹತ್ತನೇ ತರಗತಿಯಲ್ಲಿ ಐಟಿ ಪರೀಕ್ಷೆಯೂ ಇದೆ, ಅದನ್ನು ಕಂಪ್ಯೂಟರ್ ಮುಂದೆ ಕೂತೇ ಬರೆಯಬೇಕು. ಬಳಸುವುದೆಲ್ಲ ಉಚಿತ, ಮುಕ್ತ ತಂತ್ರಾಂಶ. ಚಿತ್ರ ಬಿಡಿಸಲು ಇಂಕ್‌ಸ್ಕೇಪ್, ಲೆಕ್ಕಕ್ಕೆ ಲಿಬ್ರೆ ಆಫೀಸ್, ಕೋಡಿಂಗಿಗೆ ಪೈಥಾನ್. 2018ರಿಂದ 'ಲಿಟಲ್ ಕೈಟ್ಸ್' ಎಂಬ ಮಕ್ಕಳ ಕ್ಲಬ್ಬುಗಳಿವೆ, ಲ್ಯಾಬ್ ನೋಡಿಕೊಳ್ಳುವುದರಲ್ಲಿ ಆ ಮಕ್ಕಳ ಕೈಯೂ ಇದೆ. ಮಂಜೇಶ್ವರದ ಕನ್ನಡ ಶಾಲೆಯ ಹುಡುಗಿ ಸ್ಪ್ರೆಡ್‌ಶೀಟನ್ನು ಕನ್ನಡದ ಪುಸ್ತಕದಲ್ಲಿ ಓದಿ ಕಲಿಯಬಲ್ಲಳು ಎಂದಾದರೆ ಮುಳಬಾಗಿಲಿನ ಹುಡುಗಿಗೆ ಭಾಷೆ ಅಡ್ಡಿ ಎಂಬ ವಾದ ನಿಲ್ಲುವುದಿಲ್ಲ. ಅಡ್ಡಿಯಿರುವುದು ವೇಳಾಪಟ್ಟಿಯಲ್ಲಿ.

ಇನ್ನು, ಏನು ಕಲಿಯಬೇಕು? ಇಂಗ್ಲೆಂಡಿನ ಒಂದು ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಬಹಳ ವರ್ಷ ಶಾಲೆಗಳಲ್ಲಿ ಐಸಿಟಿ ಹೆಸರಲ್ಲಿ ಪತ್ರ ಟೈಪ್ ಮಾಡುವುದು, ಸ್ಲೈಡ್ ಮಾಡುವುದು ಇಷ್ಟೇ ನಡೆಯುತ್ತಿತ್ತು. 2012ರಲ್ಲಿ ರಾಯಲ್ ಸೊಸೈಟಿ ಇದನ್ನು ಟೀಕಿಸಿ ವರದಿ ಕೊಟ್ಟಿತು. 2014ರ ಸೆಪ್ಟೆಂಬರ್‌ನಿಂದ ಕಂಪ್ಯೂಟಿಂಗ್ ಎಂಬ ಹೊಸ ವಿಷಯ ಬಂತು. ಅದರಲ್ಲಿ ಮೂರು ಎಳೆಗಳಿವೆ: ಯಂತ್ರ ಹೇಗೆ ಯೋಚಿಸುತ್ತದೆ ಎಂಬ ತಿಳಿವು, ತಂತ್ರಾಂಶಗಳನ್ನು ಕೆಲಸಕ್ಕೆ ಬಳಸುವ ಕೈಚಳಕ, ಆನ್‌ಲೈನ್‌ನಲ್ಲಿ ಜೋಪಾನವಾಗಿ, ವಿವೇಚನೆಯಿಂದ ಇರುವ ಅಭ್ಯಾಸ. ನಮ್ಮಲ್ಲಿ ಖಾಸಗಿ ಶಾಲೆಗಳು ಮೊದಲನೆಯದನ್ನು 'ಕೋಡಿಂಗ್' ಎಂದು ಜಾಹೀರಾತು ಮಾಡುತ್ತವೆ, ಮೂರನೆಯದಕ್ಕೆ ಪೊಲೀಸರನ್ನು ಕರೆಸಿ ವರ್ಷಕ್ಕೊಂದು ಭಾಷಣ ಮಾಡಿಸುತ್ತವೆ, ಎರಡನೆಯದನ್ನು ಹಳೆಯ ಕಾಲದ್ದೆಂದು ಬಿಟ್ಟುಬಿಡುತ್ತವೆ. ನನಗೆ ಕೇಳಿದರೆ ಶುರು ಮಾಡಬೇಕಾದದ್ದು ಎರಡನೆಯದರಿಂದಲೇ. ಅದರ ಬೆನ್ನಿಗೆ ಉಳಿದೆರಡೂ ಬರುತ್ತವೆ. ಹೇಗೆಂದು ಒಂದು ಪಾಠದಿಂದಲೇ ತೋರಿಸುತ್ತೇನೆ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಾರುವುದು 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ. ಶ್ರೀನಿವಾಸಪುರದ್ದು ಮಾವು, ಉಳಿದ ಕಡೆ ಟೊಮೆಟೊ. ಯಾವ ಮನೆಯ ಮಗುವಿಗೂ ಬಾಕ್ಸಿನ ರೇಟು ಅಪರಿಚಿತವಲ್ಲ. ಒಂದು ಮನೆಯವರು ಐದು ದಿನ ಮಂಡಿಗೆ ಹಾಕಿದರು ಎಂದುಕೊಳ್ಳಿ. ಬಾಕ್ಸಿಗೆ 240, 310, 280, 190, 350 ರೂಪಾಯಿ ಸಿಕ್ಕಿತು. ಮಗು ಇದನ್ನು ಸ್ಪ್ರೆಡ್‌ಶೀಟಿನಲ್ಲಿ ಒಂದರ ಕೆಳಗೊಂದು ತುಂಬಿ ಸರಾಸರಿ ಕೇಳುತ್ತದೆ. 274 ಬರಬೇಕು. ಆದರೆ ಪರದೆಯ ಮೇಲೆ 295 ಬಂದಿದೆ. ತಪ್ಪು ಎಂದು ಯಂತ್ರ ಹೇಳಿಲ್ಲ, ಕೆಂಪು ಗೆರೆಯೂ ಇಲ್ಲ. ಏನಾಯಿತೆಂದರೆ, ನಾಲ್ಕನೇ ಚೌಕದಲ್ಲಿ ಮಗು ನೋಟ್‌ಬುಕ್ಕಿನ ಅಭ್ಯಾಸಬಲದಿಂದ '190 ರೂ.' ಎಂದು ಹೊಡೆದಿದೆ. 'ರೂ.' ಸೇರಿದ ಕೂಡಲೇ ಯಂತ್ರಕ್ಕೆ ಅದು ಸಂಖ್ಯೆಯಾಗಿ ಉಳಿಯಲಿಲ್ಲ, ಅಕ್ಷರವಾಯಿತು. ಅಕ್ಷರವನ್ನು ಬಿಟ್ಟು ಉಳಿದ ನಾಲ್ಕನ್ನು ಕೂಡಿ ನಾಲ್ಕರಿಂದ ಭಾಗಿಸಿತು. ನೂರು ಬಾಕ್ಸಿನ ಮೇಲೆ 2,100 ರೂಪಾಯಿ ಇಲ್ಲದ ದುಡ್ಡು ಲೆಕ್ಕದಲ್ಲಿ ಹುಟ್ಟಿಕೊಂಡಿತು. ಗಮನಿಸಿದರೆ ಸುಳಿವಿತ್ತು: ಸಂಖ್ಯೆಗಳು ಚೌಕದ ಬಲಕ್ಕೆ ಸರಿದು ನಿಲ್ಲುತ್ತವೆ, ಆ ಒಂದು ಮಾತ್ರ ಎಡಕ್ಕಿತ್ತು.

ಈ ಐದು ನಿಮಿಷದಲ್ಲಿ ಮಗು ಕಲಿತದ್ದು ಚಿಕ್ಕದಲ್ಲ. ಯಂತ್ರಕ್ಕೆ ದತ್ತಾಂಶದ ಜಾತಿ ಮುಖ್ಯ, ನಮ್ಮ ಮನಸ್ಸಿನ ಅರ್ಥ ಮುಖ್ಯವಲ್ಲ. ಪರದೆಯ ಮೇಲೆ ನೀಟಾಗಿ ಬಂದದ್ದೆಲ್ಲ ಸರಿಯಲ್ಲ. ಉತ್ತರ ಎಷ್ಟರ ಹತ್ತಿರ ಇರಬೇಕೆಂಬ ಅಂದಾಜು ಮೊದಲು ತಲೆಯಲ್ಲಿರಬೇಕು. ಮುಂದೆ ಪೈಥಾನ್ ಕಲಿಯುವಾಗ ಇದೇ ಪಾಠ ಇನ್ನೊಂದು ವೇಷದಲ್ಲಿ ಎದುರಾಗುತ್ತದೆ.

ಒಳ್ಳೆಯ ಶಿಕ್ಷಕಿ ಇಲ್ಲಿಗೇ ಬಿಡುವುದಿಲ್ಲ. 'ಪ್ರತಿದಿನ ಎಷ್ಟು ಬಾಕ್ಸ್ ಹಾಕಿದಿರಿ?' ಎಂದು ಕೇಳುತ್ತಾರೆ. ರೇಟು 190 ಇದ್ದ ದಿನ 60 ಬಾಕ್ಸ್, ಉಳಿದ ನಾಲ್ಕು ದಿನ ಹತ್ತತ್ತು. ಪಕ್ಕದ ಕಾಲಂನಲ್ಲಿ ಬಾಕ್ಸ್ ಬರೆದು, ಗುಣಿಸಿ, ಕೂಡಿದರೆ ಒಟ್ಟು 23,200 ರೂಪಾಯಿ, ನೂರು ಬಾಕ್ಸಿಗೆ. ಅಂದರೆ ಬಾಕ್ಸಿಗೆ ನಿಜವಾಗಿ ಬಿದ್ದದ್ದು 232. ಸರಿಯೆಂದು ನಂಬಿದ್ದ 274 ಕೂಡ ಮನೆಗೆ ಬಂದ ದುಡ್ಡಲ್ಲ! ಇನ್ನು ಸಾಗಣೆ, ಕಮಿಷನ್, ಕೂಲಿ ಕಳೆಯುವ ಕಾಲಂ ಮಗುವೇ ಸೇರಿಸುತ್ತದೆ. ಕೃಷಿ ಮಾರಾಟ ಇಲಾಖೆಯ 'ಕೃಷಿ ಮಾರಾಟ ವಾಹಿನಿ' ಜಾಲತಾಣದಲ್ಲಿ ದಿನದ ಧಾರಣೆ ಕ್ವಿಂಟಾಲ್ ಲೆಕ್ಕದಲ್ಲಿ ಸಿಗುತ್ತದೆ. ಅದನ್ನು ಬಾಕ್ಸಿಗೆ ಇಳಿಸುವುದು ಏಳನೇ ತರಗತಿಯ ಗಣಿತ. ಅದನ್ನೇ ಗ್ರಾಫಿಗೆ ಹಾಕಿದರೆ 2023ರ ಜುಲೈನಲ್ಲಿ ಬಾಕ್ಸ್ 2,000 ರೂಪಾಯಿ ದಾಟಿದ ಆ ಶಿಖರ ಕಣ್ಣಿಗೆ ಹೊಡೆಯುತ್ತದೆ. ಏಕೆ ಹಾಗಾಯಿತು ಎಂಬ ಚರ್ಚೆ ಸಮಾಜ ವಿಜ್ಞಾನದ ತರಗತಿಯದ್ದು. ಹೀಗೆ ಕಂಪ್ಯೂಟರ್ ಪಾಠಕ್ಕೆ ಪ್ರತ್ಯೇಕ ಪೀರಿಯಡ್ ಹುಡುಕುವ ತಾಪತ್ರಯವೂ ತಪ್ಪುತ್ತದೆ. ಗಣಿತ ಮೇಷ್ಟ್ರು 'ಸಿಲೆಬಸ್ ಮುಗಿಯಲ್ಲ' ಎಂದರೆ, ಸಂಖ್ಯಾಶಾಸ್ತ್ರದ ಅಧ್ಯಾಯವನ್ನೇ ಹೀಗೆ ಮಾಡಿಸಬಹುದಲ್ಲವೇ ಎಂದು ವಿನಯದಿಂದ ಕೇಳಿ ನೋಡಿ.

ಸ್ಪ್ರೆಡ್‌ಶೀಟಿನ ನಂತರ ಕಲಿಯಬೇಕಾದ ಎರಡನೇ ಕೆಲಸ ಕನ್ನಡ ಟೈಪಿಂಗ್. ಇದನ್ನು ಕೇವಲವಾಗಿ ಕಾಣುವವರೇ ಹೆಚ್ಚು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕನ್ನಡ ತಾನೇ ಬರುತ್ತದೆ, ಮಾತಾಡಿದರೂ ಬರುತ್ತದೆ, ಇನ್ನು ಕಲಿಯುವುದೇನು ಎಂಬ ಧಾಟಿ. ಆದರೆ ಪಂಚಾಯಿತಿಯಿಂದ ನ್ಯಾಯಾಲಯದವರೆಗೆ ಕಚೇರಿಗಳಲ್ಲಿ ಇವತ್ತಿಗೂ ಬೇಕಾಗಿರುವುದು ನುಡಿ ಕೀಲಿಮಣೆಯಲ್ಲಿ ಸರಾಗವಾಗಿ ಹೊಡೆಯಬಲ್ಲ ಕೈ. ಕೆ.ಪಿ. ರಾವ್ ರೂಪಿಸಿದ ಆ ವಿನ್ಯಾಸ ಸರಳ. 'ಎಫ್' ಕೀಲಿ ಒತ್ತಿದರೆ ಮುಂದಿನ ವ್ಯಂಜನ ಒತ್ತಾಗುತ್ತದೆ. 'ಅಮ್ಮ' ಬೇಕಿದ್ದರೆ ಎ, ಎಂ, ಎಫ್, ಎಂ. ಸಂಯುಕ್ತಾಕ್ಷರ ಬಿಡಿಸಿ ಬರೆಯಲು ತಿಣುಕುವ ಎಂಟನೇ ತರಗತಿಯ ಮಗು, ತೆಲುಗು ಮಾತಾಡುವ ಮನೆಯಿಂದ ಬಂದ ಮಗು, ಹೀಗೆ ಕೀಲಿ ಒತ್ತುತ್ತ ಒತ್ತುತ್ತ ಕಾಗುಣಿತವನ್ನೂ ಸರಿಪಡಿಸಿಕೊಳ್ಳುತ್ತದೆ. ನಮ್ಮ ಜಿಲ್ಲೆಯ ಗಡಿ ಊರುಗಳಲ್ಲಿ ಇದು ಸಣ್ಣ ಲಾಭವಲ್ಲ.

ಇದರೊಳಗೂ ಒಂದು ಕಂಪ್ಯೂಟರ್ ವಿಜ್ಞಾನದ ಪಾಠ ಅಡಗಿದೆ. ಯಾರೋ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ನೋಟಿಸನ್ನು ವಾಟ್ಸ್ಯಾಪಿಗೆ ಅಂಟಿಸಿದಾಗ ಇಂಗ್ಲಿಷ್ ಅಕ್ಷರ, ವಿಚಿತ್ರ ಚಿಹ್ನೆಗಳ ರಾಶಿ ಬರುವುದನ್ನು ನೀವೂ ನೋಡಿರುತ್ತೀರಿ. ಕಾರಣ ಇಷ್ಟೇ: ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತ ಸಂಖ್ಯೆಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ದವು. ಫಾಂಟ್ ಇಲ್ಲದ ಕಡೆ ಮುಖವಾಡ ಕಳಚುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಮೂಲಾಕ್ಷರಕ್ಕೂ ಚಿಹ್ನೆಗೂ ಅದರದ್ದೇ ಸಂಖ್ಯೆಯಿದೆ, ಆದ್ದರಿಂದ ಎಲ್ಲಿ ತೆರೆದರೂ ಕನ್ನಡವೇ. ಶ್ರೀನಿವಾಸಪುರದ 'ಶ್ರೀ' ನಮಗೆ ಒಂದಕ್ಷರ, ಯಂತ್ರಕ್ಕೆ ನಾಲ್ಕು ಸಂಕೇತ: ಶ, ಹಲಂತ, ರ, ದೀರ್ಘ ಈಕಾರ. ಅಕ್ಷರವನ್ನು ಯಂತ್ರ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ ಎಂಬುದನ್ನು ತಿಳಿಯಲು ಮಗುವಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು.

ಪ್ರೋಗ್ರಾಮಿಂಗ್? ಬೇಕು, ಆದರೆ ಅವಸರ ಬೇಡ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ತರಗತಿಯಿಂದಲೇ ಕೋಡಿಂಗ್ ಎಂದಿತು, ಜಾಹೀರಾತಿನವರು ಅದನ್ನೇ ಹಿಡಿದುಕೊಂಡರು. ಒಂಬತ್ತನೇ ತರಗತಿಯಲ್ಲಿ ಹತ್ತು ಸಾಲಿನ ಪ್ರೋಗ್ರಾಂ ಬರೆದು, ಅದರಲ್ಲಿ ಒಂದು ಸಾಲು ಬದಲಿಸಿದರೆ ಏನಾಗುತ್ತದೆಂದು ಮೊದಲೇ ಹೇಳಬಲ್ಲ ಮಗು ಸಾಕಷ್ಟು ಕಲಿತಿದೆ. ಯೂಟ್ಯೂಬ್ ನೋಡಿ ನಕಲು ಹೊಡೆದ ಗೇಮ್ ತೋರಿಸುವ ಮಗು ಕಲಿತಿರಬೇಕೆಂದಿಲ್ಲ. ರೋಬೋಟ್ ಲ್ಯಾಬ್‌ಗಳಿಗೂ ಇದೇ ಮಾತು. 2016ರಿಂದ ಬಂದಿರುವ ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಸರ್ಕಾರ 20 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ನಿಮ್ಮ ಶಾಲೆಯಲ್ಲಿದ್ದರೆ ಒಳ್ಳೆಯದೇ, ಆದರೆ ಉದ್ಘಾಟನೆಯ ಫೋಟೊ ನೋಡಿ ಸಂತೋಷಪಡುವ ಬದಲು ಕಿಟ್‌ಗಳ ಡಬ್ಬ ಒಡೆದಿದೆಯೇ ಎಂದು ನೋಡಿ.

ಯಂತ್ರಕ್ಕೆ ಸುರಿದ ಹಣ ತಾನಾಗಿ ಕಲಿಕೆಯಾಗುವುದಿಲ್ಲ ಎಂಬುದು ನಮ್ಮ ಊರಿನ ಅನುಭವವಷ್ಟೇ ಅಲ್ಲ. ಶಾಲಾ ಕಂಪ್ಯೂಟರುಗಳಿಗೆ ಭಾರಿ ಹಣ ಹಾಕಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನದ ಅಂಕಗಳು ಗಮನಾರ್ಹವಾಗಿ ಮೇಲೇರಿಲ್ಲ ಎಂದು ಒಇಸಿಡಿ 2015ರಲ್ಲೇ ಹೇಳಿದೆ.

'ನಮ್ಮ ಮಗನಿಗೆ ಎಲ್ಲ ಗೊತ್ತು, ಮೊಬೈಲಲ್ಲಿ ನಮಗೇ ಹೇಳಿಕೊಡ್ತಾನೆ' ಎಂಬ ಹೆಮ್ಮೆಯ ಮಾತು ಕೇಳಿದಾಗ ನಾನು ಒಂದು ಸಣ್ಣ ಕೆಲಸ ಹೇಳುತ್ತೇನೆ: ಫೋನಿಗೆ ಬಂದ ಒಂದು ಪಿಡಿಎಫ್ ಎಲ್ಲಿ ಉಳಿಯಿತು, ಹುಡುಕಿ ಅದರ ಹೆಸರು ಬದಲಾಯಿಸಿ, ಹೊಸ ಫೋಲ್ಡರಿನಲ್ಲಿಡಲಿ. ಬಹಳ ಮಕ್ಕಳು ಇಲ್ಲೇ ತಡವರಿಸುತ್ತಾರೆ. ಫೋನ್ ಕಡತಗಳನ್ನು ಕಣ್ಣಿನಿಂದ ಮರೆಮಾಡುತ್ತದೆ, ವಿಡಿಯೊ, ಫೋಟೊ ನೋಡುವುದನ್ನಷ್ಟೇ ಸುಲಭ ಮಾಡಿಕೊಡುತ್ತದೆ. ಏನಾದರೂ ಉದ್ದಕ್ಕೆ ಬರೆಯಲು, ಲೆಕ್ಕ ಹಾಕಲು ಅದು ಹೇಳಿ ಮಾಡಿಸಿದ್ದಲ್ಲ. ಅಸರ್ 2024ರ ಗ್ರಾಮೀಣ ಸಮೀಕ್ಷೆಯಲ್ಲಿ 14ರಿಂದ 16 ವಯಸ್ಸಿನವರಲ್ಲಿ ಸುಮಾರು ಶೇಕಡ 90ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಅದನ್ನು ಬಳಸಲು ಬರುವವರಲ್ಲಿ, ಸಮೀಕ್ಷೆಯ ಹಿಂದಿನ ವಾರ ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು ಸುಮಾರು ಶೇಕಡ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಸುಮಾರು ಶೇಕಡ 76. ಫೋನ್ ಕಿತ್ತಿಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅದನ್ನೇ ಕಂಪ್ಯೂಟರ್ ಶಿಕ್ಷಣ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಹೆಣ್ಣುಮಕ್ಕಳ ವಿಷಯ ಬಿಡಿಯಾಗಿ ಹೇಳಬೇಕು. ಅದೇ ಸಮೀಕ್ಷೆಯಲ್ಲಿ ಸ್ವಂತ ಫೋನ್ ಇರುವವರಲ್ಲಿ ಹುಡುಗರೇ ಹೆಚ್ಚು. ಲ್ಯಾಬ್‌ಗೆ ಬಂದರೆ ಒಂದು ಕಂಪ್ಯೂಟರಿಗೆ ಮೂವರು ನಾಲ್ವರು. ಮೌಸ್ ಒಬ್ಬ ಹುಡುಗನ ಕೈಲಿ, ಹುಡುಗಿಯರು ಹಿಂದೆ ನಿಂತು ನೋಡುವವರು, ಜೊತೆಗೆ ರೆಕಾರ್ಡ್ ಪುಸ್ತಕ ಅಂದವಾಗಿ ಬರೆಯುವವರು. ಇದನ್ನು ತಪ್ಪಿಸಲು ದೊಡ್ಡ ಯೋಜನೆ ಬೇಡ, ಹತ್ತು ನಿಮಿಷಕ್ಕೊಮ್ಮೆ ಕುರ್ಚಿ ಬದಲಾಗಬೇಕೆಂಬ ನಿಯಮ ಸಾಕು. ಮನೆಗೆ ಬಂದ ಮಗಳನ್ನು 'ಲ್ಯಾಬ್‌ಗೆ ಹೋದೆಯಾ?' ಎಂದು ಕೇಳುವ ಬದಲು 'ಇವತ್ತು ಕೀಬೋರ್ಡ್ ನಿನ್ನ ಕೈಗೆ ಬಂತಾ?' ಎಂದು ಕೇಳಿ. ಎರಡು ವಾರ ಸತತವಾಗಿ ಇಲ್ಲ ಎಂದರೆ ಶಾಲೆಗೆ ಹೋಗಿ ಮಾತಾಡಲು ಅದು ಸಾಕಾದ ಕಾರಣ.

ಈಗ ಹೊಸ ತಲೆನೋವು ಎಐ. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ವಾಟ್ಸ್ಯಾಪಿನೊಳಗೇ ಅಂಥದ್ದೊಂದು ಸೇರಿಕೊಂಡ ಮೇಲೆ, ಪ್ರಬಂಧ ಬರೆಯುವ ಕಷ್ಟ ಮಕ್ಕಳಿಗೆ ತಪ್ಪಿದೆ. ನಿಷೇಧ ಹೇರಿ ಗೆಲ್ಲಲಾರಿರಿ. ಅದು ಕೆಲಸ ಮಾಡುವ ಬಗೆಯನ್ನು ಮಗುವಿಗೆ ಒಮ್ಮೆ ತಾನೇ ಕಂಡುಕೊಳ್ಳಲು ಬಿಡಿ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಹುಟ್ಟಿದ್ದು ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ, 1891ರಲ್ಲಿ, ಡಿ.ವಿ. ಗುಂಡಪ್ಪನವರು ಹುಟ್ಟಿದ್ದು ಮುಳಬಾಗಿಲಿನಲ್ಲಿ, 1887ರಲ್ಲಿ. ಇವು ಬೇಕಾದಷ್ಟು ಕಡೆ ಬರೆದಿರುವ ಸಂಗತಿಗಳು, ಸಾಮಾನ್ಯವಾಗಿ ಅದು ಸರಿಯಾಗಿಯೇ ಹೇಳುತ್ತದೆ. ಆಮೇಲೆ ನಿಮ್ಮ ಊರಿನ ಕೆರೆಯ ಬಗ್ಗೆ, ಜಾತ್ರೆಯ ಬಗ್ಗೆ, ಶಾಲೆ ಶುರುವಾದ ವರ್ಷದ ಬಗ್ಗೆ ಕೇಳಲಿ. ಎಲ್ಲೂ ಬರೆದಿರದ ಸಂಗತಿಯನ್ನೂ ಅದೇ ಧೈರ್ಯದ ಧ್ವನಿಯಲ್ಲಿ ಕಟ್ಟಿ ಹೇಳುವುದುಂಟು. ಅಜ್ಜನನ್ನು ಕೇಳಿ, ಶಾಲೆಯ ದಾಖಲೆ ನೋಡಿ, ಮಗು ತಪ್ಪು ಹಿಡಿಯಲಿ. ಯಂತ್ರ ಸತ್ಯವನ್ನು ಎಲ್ಲಿಂದಲೋ ತೆಗೆದುಕೊಡುತ್ತಿಲ್ಲ, ಮುಂದಿನ ಪದ ಯಾವುದಿರಬಹುದೆಂದು ಲೆಕ್ಕ ಹಾಕಿ ಜೋಡಿಸುತ್ತಿದೆ ಎಂಬುದು ಆಗ ಯಾರೂ ಹೇಳದೆ ಮನದಟ್ಟಾಗುತ್ತದೆ.

ಸುರಕ್ಷತೆಯ ವಿಷಯ ಚುಟುಕಾಗಿ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಕಳಿಸಲು ಮಾತ್ರ ಬೇಕು. ಇದೊಂದು ಮಾತು ಮಕ್ಕಳಿಗೂ ಅಜ್ಜಿಗೂ ಗೊತ್ತಿದ್ದರೆ ಅರ್ಧ ಮೋಸ ನಿಲ್ಲುತ್ತದೆ. ದುಡ್ಡು ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ. 'ನಿನ್ನ ಬ್ಯಾಂಕ್ ಖಾತೆ ಸ್ವಲ್ಪ ದಿನ ಕೊಡು, ದುಡ್ಡು ಕೊಡ್ತೀವಿ' ಎಂದು ಪಿಯುಸಿ ವಯಸ್ಸಿನ ಹುಡುಗರನ್ನು ಬಳಸಿಕೊಳ್ಳುವ ಜಾಲಗಳಿವೆ, ಸಿಕ್ಕಿಬೀಳುವುದು ಖಾತೆದಾರ. ಫೋಟೊ ಇಟ್ಟುಕೊಂಡು ಯಾರಾದರೂ ಬೆದರಿಸಿದರೆ ಮಗು ಮೊದಲು ಓಡಿ ಬರಬೇಕಾದದ್ದು ನಿಮ್ಮ ಹತ್ತಿರ. 'ಫೋನ್ ಯಾಕೆ ಮುಟ್ಟಿದೆ?' ಎಂಬ ಬೈಗುಳ ಮೊದಲು ಬೀಳುತ್ತದೆ ಎಂದಾದರೆ ಮಗು ಬರುವುದಿಲ್ಲ. ಮಕ್ಕಳ ಸಹಾಯವಾಣಿ 1098 ಸಹ ಇದೆ. ಕಲಿಕೆಯ ಆ್ಯಪ್‌ಗಳು ಮಗುವಿನ ಆಧಾರ್, ಫೋಟೊ ಕೇಳಿದರೆ ಏಕೆ ಬೇಕೆಂದು ಕೇಳುವ ಹಕ್ಕು ನಿಮಗಿದೆ. 2023ರ ದತ್ತಾಂಶ ರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ.

ಹತ್ತನೇ ತರಗತಿ ಆದ ಮೇಲೆ ಏನು ಎಂಬುದರ ಬಗ್ಗೆ ಭಯ ಬೇಡ. ಪಿಯುಸಿಯಲ್ಲಿ ಪಿಸಿಎಂಸಿ ತೆಗೆದುಕೊಳ್ಳಲಿ, ಕಾಮರ್ಸ್ ಜೊತೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳಲಿ, ಪಾಠ ಬುಡದಿಂದಲೇ ಶುರುವಾಗುತ್ತದೆ. ಪಾಲಿಟೆಕ್ನಿಕ್‌ನ ಮೂರು ವರ್ಷದ ಡಿಪ್ಲೊಮಾಕ್ಕಾಗಲಿ, ಐಟಿಐನ ಒಂದು ವರ್ಷದ ಕೋಪಾ (ಕಂಪ್ಯೂಟರ್ ಆಪರೇಟರ್) ತರಬೇತಿಗಾಗಲಿ ಪ್ರೌಢಶಾಲೆಯ ಕಂಪ್ಯೂಟರ್ ಅಂಕ ಯಾರೂ ಕೇಳುವುದಿಲ್ಲ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸ ಸಿಗಲು ಕಂಪ್ಯೂಟರ್ ಕೋರ್ಸ್ ಬೇಕೇಬೇಕು ಎಂಬ ಮಾತು ಊರೂರಲ್ಲಿದೆ. ನರಸಾಪುರದಲ್ಲಿ 2020ರಿಂದ ಐಫೋನ್ ಜೋಡಣೆ ನಡೆಯುತ್ತಿದೆ, 2023ರಿಂದ ಅದು ಟಾಟಾ ಎಲೆಕ್ಟ್ರಾನಿಕ್ಸ್ ಕೈಯಲ್ಲಿದೆ, ನಿಜ. ಆದರೆ ಜೋಡಣೆ ಸಾಲಿನ ಕೆಲಸಕ್ಕೂ ಸಾಫ್ಟ್‌ವೇರ್ ಕೆಲಸಕ್ಕೂ ಅಜಗಜಾಂತರ. ಅಲ್ಲಿಗೆ ಹೋಗುವ ಹುಡುಗಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಪರದೆಯ ಮೇಲಿನ ಸೂಚನೆಯನ್ನು ಸರಿಯಾಗಿ ಓದುವುದು, ತಿಂಗಳ ಕೊನೆಯಲ್ಲಿ ಓವರ್‌ಟೈಂ ಗಂಟೆಗಳನ್ನು ತಾನೇ ಒಂದು ಶೀಟಿನಲ್ಲಿ ಹಾಕಿ ಸಂಬಳದ ಚೀಟಿಯ ಜೊತೆ ತಾಳೆ ನೋಡುವುದು. ಸರ್ಕಾರಿ ಕೆಲಸ ಸಿಕ್ಕವರಿಗೂ ಬಿಡುಗಡೆಯಿಲ್ಲ, 2012ರ ನಿಯಮದ ಪ್ರಕಾರ ಅವರಲ್ಲಿ ಹಲವರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಬೇಕು.

ಮನೆಯಲ್ಲಿ ಅಭ್ಯಾಸಕ್ಕೆ ಹೊಸ ಲ್ಯಾಪ್‌ಟಾಪ್ ಬೇಕಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ, ಹಲವು ಕಡೆ ಕಂಪ್ಯೂಟರೂ ಇದೆ, ಮಕ್ಕಳಿಗೆ ಉಚಿತ. ಶನಿವಾರ ಮಧ್ಯಾಹ್ನ ಒಂದು ಗಂಟೆ ಅಲ್ಲಿ ಕೂತರೂ ವರ್ಷಕ್ಕೆ ಶಾಲೆ ಕೊಡುವುದಕ್ಕಿಂತ ಹೆಚ್ಚಾದೀತು. ಕಚೇರಿಗಳು ಕೈಬಿಟ್ಟ ಹಳೆಯ ಡೆಸ್ಕ್‌ಟಾಪ್‌ಗೆ ಉಬುಂಟು ಹಾಕಿಸಿದರೆ ಟೈಪಿಂಗ್, ಸ್ಪ್ರೆಡ್‌ಶೀಟ್, ಪೈಥಾನ್ ಎಲ್ಲಕ್ಕೂ ನಡೆಯುತ್ತದೆ. ಇಂಟರ್ನೆಟ್ ಇಲ್ಲದಿದ್ದರೆ ಇನ್ನೂ ಅನುಕೂಲ ಎಂದು ಕೆಲವೊಮ್ಮೆ ನನಗನ್ನಿಸುತ್ತದೆ.

ಇಷ್ಟಾದ ಮೇಲೂ ಟೌನಿನ ಕೋಡಿಂಗ್ ಕ್ಲಾಸಿಗೆ ಸೇರಿಸಲೇಬೇಕೆನಿಸಿದರೆ ಸೇರಿಸಿ, ತಪ್ಪಿಲ್ಲ. ಸೇರಿಸುವ ಮೊದಲು ಅಲ್ಲಿ ಆರು ತಿಂಗಳಿಂದ ಕಲಿಯುತ್ತಿರುವ ಒಂದು ಮಗುವಿನ ಕೆಲಸ ತೋರಿಸಲು ಹೇಳಿ. ಆ ಮಗುವೇ ನಿಮ್ಮೆದುರು ಅದರಲ್ಲಿ ಏನಾದರೊಂದು ಬದಲಾಯಿಸಲಿ: ಬಣ್ಣ, ಒಂದು ಸಂಖ್ಯೆ, ಒಂದು ಷರತ್ತು. ಮೇಷ್ಟ್ರು ಮಧ್ಯೆ ಬಂದು ತಾವೇ ಕೀಬೋರ್ಡ್ ತೆಗೆದುಕೊಂಡರೆ ಅಲ್ಲಿಂದ ಎದ್ದು ಬನ್ನಿ. ಒಂದು ಯಂತ್ರಕ್ಕೆ ಎಷ್ಟು ಮಕ್ಕಳು ಎಂದು ಎಣಿಸಿ. ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ, ತಿಂಗಳಿಗಿಷ್ಟು ಎಂದು ಮಾತಾಡಿ, ರಸೀದಿ ಕೇಳಿ ಪಡೆಯಿರಿ.